ಅಜ್ಜಿಯ ಉಂಗುರ ನಿಮ್ಮ ಕೈಗೆ ಬಂದಾಗ: ತೊಳೆಯುವ ಮುಂಚೆ, ತಿದ್ದಿಸುವ ಮುಂಚೆ, ಹಂಚುವ ಮುಂಚೆ

ನಮ್ಮ ಅಜ್ಜಿಯ ಉಂಗುರದ ಒಳಬದಿಯಲ್ಲಿ ಎರಡು ಅಕ್ಷರ, ಒಂದು ಇಸವಿ ಇತ್ತಂತೆ. 'ಇತ್ತಂತೆ' ಎನ್ನುತ್ತಿದ್ದೇನೆ, ಯಾಕೆಂದರೆ ನಾನು ಅದನ್ನು ಸರಿಯಾಗಿ ಓದುವ ಮೊದಲೇ "ಸ್ವಲ್ಪ ಹೊಳಪು ಕೊಡಿ" ಎಂದು ಅಂಗಡಿಗೆ ಕೊಟ್ಟುಬಿಟ್ಟೆ. ವಾಪಸು ಬಂದಾಗ ಉಂಗುರ ಒಳಗೂ ಹೊರಗೂ ಕನ್ನಡಿಯಂತೆ ಹೊಳೆಯುತ್ತಿತ್ತು. ಅಕ್ಷರ ಇದ್ದ ಜಾಗದಲ್ಲಿ ಉಗುರಿಗೂ ಸಿಗದ ಒಂದು ಮಬ್ಬು ಗೆರೆ. ಪಾಲಿಶ್ ಮಾಡಿದವರನ್ನು ಬೈಯಲು ಬಾಯಿ ಬರಲಿಲ್ಲ, ನಾನು ಕೇಳಿದ್ದನ್ನೇ ಅವರು ಮಾಡಿಕೊಟ್ಟಿದ್ದರು.

ಆಮೇಲೆ ಒಂದು ಕ್ರಮ ಹಾಕಿಕೊಂಡೆ: ಹಳೆಯ ಉಂಗುರದ ವಿಷಯದಲ್ಲಿ, ಮಾಡಿದ ಮೇಲೆ ಹಿಂದಕ್ಕೆ ತರಲಾಗದ ಕೆಲಸಗಳೆಲ್ಲ ಕೊನೆಗೆ. ನೋಡುವುದು, ಅಳೆಯುವುದು, ಬರೆದಿಡುವುದು ಮೊದಲು. ಕೆಳಗಿನ ಹೆಜ್ಜೆಗಳೆಲ್ಲ ಆ ಕ್ರಮದಲ್ಲೇ ಇವೆ.

ಬೇರೆ ಒಡವೆಗೆ ಇಷ್ಟು ಕಾಳಜಿ ಬೇಡ. ಓಲೆ ಕಿವಿಯಲ್ಲಿ ತೂಗುತ್ತದೆ, ಸರ ಕೊರಳಲ್ಲಿ ಸುಮ್ಮನೆ ಬಿದ್ದಿರುತ್ತದೆ. ಉಂಗುರ ಮಾತ್ರ ಕೈಯ ಜೊತೆ ದಿನವಿಡೀ ದುಡಿಯುತ್ತದೆ. ಪಾತ್ರೆ, ಬಾಗಿಲ ಹಿಡಿ, ಸೋಪು, ಬೆವರು ಎಲ್ಲವೂ ಅದಕ್ಕೆ ತಾಗುತ್ತವೆ. ಅದರಲ್ಲೂ ಹೆಂಗಸರ ಉಂಗುರಕ್ಕೆ ಪಟ್ಟಿ ತೆಳು, ಹರಳು ಎತ್ತರ. ಎರಡು ತಲೆಮಾರು ದಾಟಿ ಬಂದ ಉಂಗುರ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ದಣಿದಿರುತ್ತದೆ ಎಂದೇ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಹೇಗಿದೆಯೋ ಹಾಗೆ ದಾಖಲಿಸಿ

ಕೊಳೆ ಇದ್ದರೂ ಇರಲಿ. ಬಿಳಿ ಹಾಳೆಯ ಮೇಲೆ ಪಕ್ಕದಲ್ಲೊಂದು ಸ್ಕೇಲು ಇಟ್ಟು, ಕಿಟಕಿಯ ಬೆಳಕಲ್ಲಿ ಫೋಟೋ ತೆಗೆಯಿರಿ: ಮೇಲಿನಿಂದ, ಎರಡೂ ಪಕ್ಕದಿಂದ, ಹರಳಿನ ಹಿಂಬದಿಯಿಂದ, ಒಳಬದಿಯ ಸುತ್ತಲೂ. ಒಳಬದಿಯ ಬರಹ ಫೋಟೋದಲ್ಲಿ ಬೀಳದಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಲ್ಲಿ ಕಾಣದ ಗೀರು ಓರೆ ಬೆಳಕಲ್ಲಿ ನೆರಳು ಬಿಟ್ಟು ಎದ್ದು ಕಾಣುತ್ತದೆ. ನಾನು ಇದೊಂದು ಮಾಡಿದ್ದರೆ ಸಾಕಿತ್ತು.

ತೂಕ ಬರೆದಿಡಿ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯಿದ್ದರೆ ಒಳ್ಳೆಯದು. ಒಳವ್ಯಾಸವನ್ನೂ ಮಿಲಿಮೀಟರಿನಲ್ಲಿ ಬರೆಯಿರಿ. ಮುಂದೆ ರಿಪೇರಿಗೆ ಕೊಟ್ಟು ತರುವಾಗ ಈ ಎರಡು ಅಂಕಿಯೇ ನಿಮ್ಮ ಸಾಕ್ಷಿ.

ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಮಾತಾಡಿಸಿ, ಫೋನಿನಲ್ಲಿ ಧ್ವನಿ ಹಿಡಿದುಕೊಳ್ಳಿ. "ಇದರ ಕಥೆ ಏನು ಅಜ್ಜಿ?" ಎಂದು ಕೇಳಿದರೆ "ಏನು ಕಥೆ, ಉಂಗುರ ಅಷ್ಟೇ" ಎಂಬ ಉತ್ತರವೇ ಸಿಗುವುದು. ಚಿಕ್ಕ ಚಿಕ್ಕ ಪ್ರಶ್ನೆ ಹಾಕಬೇಕು. ಯಾವ ಬೆರಳಿಗೆ ಹಾಕುತ್ತಿದ್ದಿರಿ? ಯಾವಾಗ ತೆಗೆದಿಡುತ್ತಿದ್ದಿರಿ? ಹರಳು ಯಾವತ್ತಾದರೂ ಬಿದ್ದಿತ್ತಾ, ಬದಲಾಯಿಸಿದ್ದಾ? ಅಡ ಇಟ್ಟು ಬಿಡಿಸಿಕೊಂಡದ್ದುಂಟಾ? ಕೊನೆಯ ಪ್ರಶ್ನೆಗೆ ಬರುವಷ್ಟು ಕಥೆ ಬೇರೆ ಯಾವುದಕ್ಕೂ ಬರುವುದಿಲ್ಲ. ಹಳೆಯ ಆಲ್ಬಮ್ಮಿನಲ್ಲಿ ಮುಖ ಬಿಟ್ಟು ಕೈಗಳನ್ನು ನೋಡಿ. ಯಾವ ಫೋಟೋದಿಂದ ಉಂಗುರ ಇದೆ, ಯಾವುದರಿಂದ ಇಲ್ಲ ಎಂಬುದು ಕಾಲ ಗೊತ್ತುಮಾಡಲು ಬಾಯಿಮಾತಿಗಿಂತ ಗಟ್ಟಿ.

ಎರಡನೇ ಹೆಜ್ಜೆ: ಲೋಹವನ್ನು ಓದಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ಕೊಳ್ಳಿ, ಇದಕ್ಕೆ ಮಾಡಿದ ಖರ್ಚು ದಂಡವಲ್ಲ. ಲೂಪನ್ನು ಉಂಗುರದ ಹತ್ತಿರ ಹಿಡಿದು ದೂರದಿಂದ ಇಣುಕಿದರೆ ಏನೂ ಕಾಣದು. ಕಣ್ಣಿಗೆ ತಾಗುವಷ್ಟು ಹತ್ತಿರ ಲೂಪ್ ಹಿಡಿದು, ಉಂಗುರವನ್ನೇ ನಿಧಾನಕ್ಕೆ ಅದರ ಬಳಿ ತರಬೇಕು.

ಒಳಬದಿಯಲ್ಲಿ ಅಂಕಿಗಳಿದ್ದರೆ ಅವು ಸಾವಿರ ಭಾಗದಲ್ಲಿ ಎಷ್ಟು ಶುದ್ಧ ಲೋಹ ಎಂಬುದನ್ನು ಹೇಳುತ್ತವೆ. 916 ಅಂದರೆ 22 ಕ್ಯಾರೆಟ್, 750 ಅಂದರೆ 18, 585 ಅಂದರೆ 14, 375 ಅಂದರೆ 9. ಬೆಳ್ಳಿಗೆ 925, ಪ್ಲಾಟಿನಂಗೆ ಹೆಚ್ಚಾಗಿ 950. 'ಜಿಎಫ್', 'ಆರ್‌ಜಿಪಿ', 'ಜಿಪಿ' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಗಟ್ಟಿ ಬಂಗಾರವಲ್ಲ, ಬೇರೆ ಲೋಹದ ಮೇಲೆ ಹೊದಿಸಿದ ಬಂಗಾರ. ಇಂಥ ಉಂಗುರದಲ್ಲಿ ಅಂಗೈ ಕಡೆಯ ಭಾಗ ಮೊದಲು ಸವೆದು ಒಳಗಿನ ತಾಮ್ರವೋ ಹಿತ್ತಾಳೆಯೋ ಇಣುಕುತ್ತದೆ. ಗುರುತೇ ಇಲ್ಲ ಎಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಹಳೆಯ ಅಕ್ಕಸಾಲಿಗರು ಗುರುತು ಹಾಕದೆ ಇದ್ದಿರಬಹುದು, ಹಾಕಿದ್ದು ಸವೆದಿರಬಹುದು, ಅಳತೆ ಬದಲಿಸುವಾಗ ಕತ್ತರಿಸಿ ಹೋಗಿರಲೂಬಹುದು. ಪಟ್ಟಿಯ ಕೆಳಭಾಗದಲ್ಲಿ ಬಣ್ಣ ಚೂರು ಬೇರೆಯಾದ ಅಡ್ಡಗೆರೆ ಕಂಡರೆ ಅಲ್ಲಿ ಬೆಸುಗೆ ಬಿದ್ದಿದೆ. ಅಂದರೆ ನಿಮಗಿಂತ ಮೊದಲೇ ಯಾರೋ ಇದನ್ನು ತಮ್ಮ ಬೆರಳಿಗೆ ಹೊಂದಿಸಿಕೊಂಡಿರಬಹುದು.

ಹರಳಿಲ್ಲದ ಬರಿಯ ಬಳೆಯುಂಗುರವಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಉಂಗುರದ ತೂಕ ನೋಡಿಕೊಳ್ಳಿ, 3.55 ಗ್ರಾಂ ಎಂದಿಟ್ಟುಕೊಳ್ಳೋಣ. ಈಗ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಉಂಗುರವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಲ್ಲಿ ಪೂರ್ತಿ ಇಳಿಬಿಡಿ. ತಕ್ಕಡಿ 0.20 ಎಂದು ತೋರಿಸಿದರೆ ಉಂಗುರದ ಗಾತ್ರ 0.20 ಘನ ಸೆಂಟಿಮೀಟರ್. 3.55 ಭಾಗಿಸು 0.20, ಸುಮಾರು 17.75. 22 ಕ್ಯಾರೆಟ್ ಬಂಗಾರದ ಸಾಂದ್ರತೆ 17.7ರ ಆಸುಪಾಸು, 18 ಕ್ಯಾರೆಟ್ ಹಳದಿ ಬಂಗಾರದ್ದು 15ರ ಮೇಲೆ, ಬೆಳ್ಳಿಯದು 10.5, ಹಿತ್ತಾಳೆಯದು ಎಂಟೂವರೆ. ಇಷ್ಟು ಚಿಕ್ಕ ವಸ್ತುವಿನಲ್ಲಿ 0.01 ಗ್ರಾಂ ತಪ್ಪಿದರೂ ಉತ್ತರ ನೂರಕ್ಕೆ ಐದರಷ್ಟು ಏರುಪೇರಾಗುತ್ತದೆ. ಹಿತ್ತಾಳೆಯೋ ಬಂಗಾರವೋ ಎಂಬುದಕ್ಕೆ ಇದನ್ನು ನಂಬಿ, ಕ್ಯಾರೆಟ್ಟಿನ ನಿಖರ ಲೆಕ್ಕಕ್ಕೆ ನಂಬಬೇಡಿ. ಅದಕ್ಕೆ ಎಕ್ಸ್‌ಆರ್‌ಎಫ್ ಯಂತ್ರವಿರುವ ಕಡೆ ಹೋಗಿ. ಎಕ್ಸ್-ಕಿರಣ ಬಿಟ್ಟು ನೋಡುವುದರಿಂದ ಉಂಗುರಕ್ಕೆ ಗೀರೂ ಬೀಳುವುದಿಲ್ಲ, ಒರೆಗಲ್ಲಿಗೆ ಉಜ್ಜುವ ಕೆಲಸವೂ ಇಲ್ಲ. ಆಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಮಾತ್ರ ನಗೆಪಾಟಲು, ತಾಮ್ರ ಹಿತ್ತಾಳೆಗಳೂ ಅದಕ್ಕೆ ಅಂಟುವುದಿಲ್ಲ.

ಮೂರನೇ ಹೆಜ್ಜೆ: ಹರಳಿನ ವಿಷಯದಲ್ಲಿ ಮನೆಮಾತನ್ನು ಪೂರ್ತಿ ನಂಬಬೇಡಿ

"ಹಳೇ ಕಾಲದ ಕೆಂಪು, ಆಗೆಲ್ಲ ನಕಲಿ ಎಲ್ಲಿತ್ತು?" ಎನ್ನುತ್ತಾರೆ. ಇತ್ತು. ಫ್ರಾನ್ಸಿನ ಒಗ್ಯುಸ್ತ್ ವೆರ್ನೊಯ್ ಎಂಬ ರಸಾಯನಶಾಸ್ತ್ರಜ್ಞ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ್ದ. ಆಮೇಲೆ ಅಂಥ ಕೆಂಪು, ನೀಲಗಳು ರಾಶಿರಾಶಿಯಾಗಿ ತಯಾರಾದವು. ಮುತ್ತಜ್ಜಿಯ ಉಂಗುರದಲ್ಲಿ ಅಂಥದೊಂದು ಕೂತಿದ್ದರೆ ಯಾರೂ ಮೋಸ ಮಾಡಿದರು ಅಂತಲೇ ಅಲ್ಲ, ಆಗ ಅದೊಂದು ಹೊಸ ಬಗೆಯ ಹರಳು. ಲೂಪಿನಲ್ಲಿ ಇದರೊಳಗೆ ಬಾಗಿದ ಗೆರೆಗಳೂ ಗಾಳಿಗುಳ್ಳೆಗಳೂ ಕಾಣಬಹುದು. ನೆಲದಲ್ಲಿ ಬೆಳೆದ ಹರಳಿನ ಗೆರೆಗಳು ನೇರ, ಕೋನ ಕೋನ. ಮುತ್ತೂ ಹಾಗೆಯೇ. ಜಪಾನಿನ ಮಿಕಿಮೊಟೊ ಕೋಕಿಚಿ 1893ರಲ್ಲಿ ಸಾಕಿದ ಚಿಪ್ಪಿನಿಂದ ಅರ್ಧಗೋಳದ ಮುತ್ತು ತೆಗೆದ, 20ನೇ ಶತಮಾನದ ಮೊದಲ ದಶಕಗಳಲ್ಲಿ ದುಂಡು ಮುತ್ತುಗಳೂ ಬಂದವು. ವಜ್ರದಂತೆ ಕಾಣುವ ಕ್ಯೂಬಿಕ್ ಜಿರ್ಕೋನಿಯ 1976ರ ಸುಮಾರಿಗೆ ಮಾರುಕಟ್ಟೆಗೆ ಬಂದದ್ದು. ಅದಕ್ಕಿಂತ ಹಳೆಯ ಉಂಗುರದಲ್ಲಿ ಅದು ಸಿಕ್ಕರೆ ಹರಳು ನಡುವೆ ಎಲ್ಲೋ ಬದಲಾಗಿದೆ ಎಂದರ್ಥ.

ವಜ್ರದ ಕಟ್ ನೋಡಿ. ಇಂದಿನ ದುಂಡು ಬ್ರಿಲಿಯಂಟ್ ಕಟ್‌ನ ಲೆಕ್ಕಾಚಾರವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಬರೆದದ್ದು 1919ರಲ್ಲಿ. ಅದಕ್ಕೂ ಹಿಂದಿನ ಹಲವು ವಜ್ರಗಳು ಕೈಯಲ್ಲಿ ಕೊಯ್ದವು: ಚೌಕಕ್ಕೆ ಹತ್ತಿರ, ಮೇಲ್ಭಾಗ ಎತ್ತರ, ಮೇಲಿನಿಂದ ನೋಡಿದರೆ ನಡುವೆ ಚುಕ್ಕಿಯಂತೆ ಕಾಣುವ ಚಪ್ಪಟೆ ತಳ. ದೀಪದ ಬೆಳಕಲ್ಲಿ ಇವು ಚುಚ್ಚುವಂತೆ ಮಿಂಚುವುದಿಲ್ಲ, ದೊಡ್ಡ ದೊಡ್ಡ ಹೊಳಪಿನ ತುಂಡುಗಳಾಗಿ ಹೊರಳುತ್ತವೆ. "ಹೊಸ ಕಟ್ ಮಾಡಿಸಿದರೆ ಚೆನ್ನಾಗಿ ಹೊಳೆಯುತ್ತೆ" ಎಂದು ಯಾರಾದರೂ ಹೇಳಿದರೆ ಉಂಗುರ ಎತ್ತಿಕೊಂಡು ಹೊರಡಿ. ವಜ್ರದ ತೂಕವೂ ಹೋಗುತ್ತದೆ, ಕಾಲದ ಗುರುತೂ ಹೋಗುತ್ತದೆ.

ಇನ್ನೊಂದು ಸೂಕ್ಷ್ಮ. ಉಂಗುರದಲ್ಲಿ ಬೇರೆ ಬೇರೆ ಬಣ್ಣದ ಹರಳು ಸಾಲಾಗಿದ್ದರೆ ಸಾಲನ್ನು ಮುರಿಯಬೇಡಿ. 19ನೇ ಶತಮಾನದ ಯೂರೋಪಿನಲ್ಲಿ ಹರಳುಗಳ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಮಾತು ಕಟ್ಟುತ್ತಿದ್ದರು. ರೂಬಿ, ಎಮರಾಲ್ಡ್, ಗಾರ್ನೆಟ್, ಅಮೆಥಿಸ್ಟ್, ರೂಬಿ, ಡೈಮಂಡ್ ಎಂದು ಸಾಲಾಗಿ ಕೂತರೆ ಇಂಗ್ಲಿಷಿನಲ್ಲಿ 'ರಿಗಾರ್ಡ್', ಅಂದರೆ ಆದರ. ಬಿದ್ದುಹೋದ ಗಾರ್ನೆಟ್ ಬದಲಿಗೆ ಒಪ್ಪುವ ಬಣ್ಣದ ಇನ್ನೇನೋ ಕೂರಿಸಿದರೆ ಕಾಗುಣಿತವೇ ಕೆಟ್ಟಂತೆ.

ನಾಲ್ಕನೇ ಹೆಜ್ಜೆ: ಆರೋಗ್ಯ ತಪಾಸಣೆ

ಕಿವಿಯ ಬಳಿ ಹಿಡಿದು ಬೆರಳಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಹರಳು ಸಡಿಲ. ಹರಳನ್ನು ಕಚ್ಚಿ ಹಿಡಿದಿರುವ ಪುಟ್ಟ ಕಾಲುಗಳ (ಪ್ರಾಂಗ್) ಮೇಲೆ ಹತ್ತಿಯ ಎಳೆಯೊಂದನ್ನು ಎಳೆಯಿರಿ, ಸಿಕ್ಕಿಕೊಂಡರೆ ಕಾಲು ಎದ್ದಿದೆ. ತುದಿ ಗುಂಡಗಿರಬೇಕು. ಚಪ್ಪಟೆಯಾಗಿ ಹರಳಿನ ಜೊತೆ ಒಂದಾಗಿ ಕಂಡರೆ ಸವೆದಿದೆ. ಪಟ್ಟಿಯ ಅಂಗೈ ಕಡೆಯ ದಪ್ಪ ಸುಮಾರು 1.5 ಮಿ.ಮೀ.ಗಿಂತ ಕಡಿಮೆಯಿದ್ದರೆ ದಿನಬಳಕೆಗೆ ಹಾಕದಿರುವುದೇ ಲೇಸು.

ಐದನೇ ಹೆಜ್ಜೆ: ಈಗ ತೊಳೆಯಿರಿ, ಆದರೆ ಎಲ್ಲವನ್ನೂ ಅಲ್ಲ

ವಜ್ರ, ಮಾಣಿಕ್ಯ, ನೀಲದ ಹರಳು ಬಿರುಕಿಲ್ಲದೆ ಗಟ್ಟಿಯಾಗಿ ಕೂತಿದ್ದು, ಹಿಂಬದಿ ತೆರೆದಿದ್ದರೆ: ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೌಮ್ಯ ದ್ರವ, ಕಾಲು ಗಂಟೆ ನೆನೆಸಿ, ಮಕ್ಕಳ ಮೆತ್ತನೆಯ ಬ್ರಷ್‌ನಿಂದ ಹರಳಿನ ಹಿಂಬದಿ ಉಜ್ಜಿ. ಹೊಳಪು ಮಂಕಾಗುವುದು ಹೆಚ್ಚಾಗಿ ಹಿಂದೆ ಕೂತ ಸೋಪು, ಎಣ್ಣೆಯ ಪದರದಿಂದ. ಸಿಂಕಿನ ನಲ್ಲಿಯ ಕೆಳಗೆ ತೊಳೆಯಬೇಡಿ, ಬಟ್ಟಲಿನ ನೀರನ್ನು ಚೆಲ್ಲುವಾಗಲೂ ಜಾಲರಿ ಹಿಡಿಯಿರಿ. ಟೂತ್‌ಪೇಸ್ಟ್ ಬೇಡವೇ ಬೇಡ. ಅದರಲ್ಲಿ ಉಜ್ಜುವ ಕಣಗಳಿವೆ, ಬಂಗಾರವೋ ಗಡಸುತನದಲ್ಲಿ (ವಜ್ರಕ್ಕೆ ಹತ್ತು ಕೊಡುವ ಮೋಹ್ಸ್ ಅಳತೆಯಲ್ಲಿ) ಮೂರನ್ನೂ ಮುಟ್ಟದ ಮೆತ್ತನೆಯ ಲೋಹ.

ಪಚ್ಚೆಯ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿಸಿರುತ್ತಾರೆ. ಬಿಸಿನೀರು, ಹಬೆ, ಅಲ್ಟ್ರಾಸಾನಿಕ್ ಯಂತ್ರ ಆ ಎಣ್ಣೆಯನ್ನು ಹೊರಗೆಳೆದು, ಅದುವರೆಗೆ ಕಾಣದಿದ್ದ ಬಿರುಕನ್ನೆಲ್ಲ ತೋರಿಸುತ್ತವೆ. ಮುತ್ತು, ಹವಳಗಳು ಸುಣ್ಣದ ವಸ್ತುಗಳು. ಬೆವರು, ಲಿಂಬೆ, ವಿನೆಗರ್ ತಾಗಿದರೆ ಮೇಲ್ಪದರ ಕರಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಓಪಲ್‌ನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 3ರಿಂದ 10ರಷ್ಟು ನೀರೇ ಇರುವುದರಿಂದ ಅದು ಬಿಸಿಗೆ ಬಿರಿಯುತ್ತದೆ. ಇನ್ನು, ಹರಳಿನ ಹಿಂಬದಿ ಬಂಗಾರದಿಂದ ಪೂರ್ತಿ ಮುಚ್ಚಿದ್ದರೆ ನೀರಿಗೆ ಹಾಕಲೇಬೇಡಿ. ಹಳೆಯ ಕೆಲಸದಲ್ಲಿ ಬಣ್ಣ ಹೆಚ್ಚಿಸಲು ಹರಳಿನ ಕೆಳಗೆ ತೆಳು ತಗಡು ಇಡುತ್ತಿದ್ದರು. ನೀರು ಒಳಗಿಳಿದರೆ ತಗಡು ಕಪ್ಪಾಗಿ, ಹರಳು ಸತ್ತಂತೆ ಕಾಣುತ್ತದೆ.

ಯಾವುದನ್ನೂ ಒಣ ಬಟ್ಟೆಯಿಂದ ಜೋರಾಗಿ ಉಜ್ಜಬೇಡಿ. ಮನೆಯ ಧೂಳಿನಲ್ಲಿ ಗಡಸುತನ 7ರ ಸ್ಫಟಿಕದ ಕಣಗಳಿರುತ್ತವೆ. ಮುತ್ತಿನ ಗಡಸುತನ ಸುಮಾರು 3, ಓಪಲ್‌ನದು 6ರ ಆಸುಪಾಸು.

ಆರನೇ ಹೆಜ್ಜೆ: ಅಳತೆ

ಜಗಳ, ಬೇಸರ, ಖರ್ಚು ಎಲ್ಲ ಇಲ್ಲೇ. ಅಜ್ಜಿಯ ಬೆರಳು ನಿಮ್ಮದಲ್ಲ.

ಮೊದಲು ನಿಮ್ಮ ಬೆರಳನ್ನು ಅರಿಯಿರಿ. ಅದು ಬೆಳಗಿನ ಚಳಿಯಲ್ಲಿ ಸಣ್ಣ, ಸೆಕೆಯ ಸಂಜೆಯಲ್ಲಿ ದಪ್ಪ, ಬಸುರಿನಲ್ಲಿ ಇನ್ನೂ ದಪ್ಪ. ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳೆಯಿರಿ. ಉಂಗುರ ಗೆಣ್ಣಿನ ಮೇಲೆ ಸ್ವಲ್ಪ ತಡೆದು ಇಳಿಯಬೇಕು, ಬುಡದಲ್ಲಿ ತಿರುಗಬೇಕು. ದೇಶದಿಂದ ದೇಶಕ್ಕೆ ಅಳತೆಯ ನಂಬರು ಬೇರೆ, ಹಾಗಾಗಿ ಒಳಸುತ್ತಳತೆಯನ್ನು ಮಿಲಿಮೀಟರಿನಲ್ಲೇ ಹೇಳಿ. ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 8653 ಕೂಡ ಅದನ್ನೇ ಹೇಳುತ್ತದೆ. ಒಳವ್ಯಾಸ 17 ಮಿ.ಮೀ. ಆದರೆ ಸುತ್ತಳತೆ ಸುಮಾರು 53.4.

ಕತ್ತರಿಸುವ ಮೊದಲು ಕತ್ತರಿಸದ ದಾರಿಗಳನ್ನು ನೋಡಿ. ಸಡಿಲವಾದರೆ ಒಳಬದಿಯಲ್ಲಿ ಎರಡು ಪುಟ್ಟ ಬಂಗಾರದ ಗುಂಡು ಕೂರಿಸಬಹುದು, ಮುಂದೆ ಬೇಡವೆಂದರೆ ತೆಗೆಸಲೂಬಹುದು. ಇನ್ನೊಂದು ಬೆರಳಿಗೆ ಹಾಕಬಹುದು. ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳಬಹುದು. ಎಲ್ಲ ಬಿಟ್ಟು ನೇರ ಗರಗಸಕ್ಕೆ ಹೋಗುವುದು ಆತುರ.

ಕತ್ತರಿಸಲೇಬೇಕಾದರೆ ಲೆಕ್ಕ ತಿಳಿದಿರಲಿ. ವ್ಯಾಸ 16.5ರಿಂದ 17.3ಕ್ಕೆ ಏರಿಸಲು ಸುಮಾರು 2.5 ಮಿ.ಮೀ. ಬಂಗಾರದ ತುಂಡು ನಡುವೆ ಸೇರಬೇಕು. ಅಷ್ಟನ್ನು ತಡೆಯುತ್ತದೆ. ಅದಕ್ಕಿಂತ ಬಹಳ ಹೆಚ್ಚಿಸಿದರೆ ಮೇಲ್ಭಾಗದ ಬಾಗು ಬಿಚ್ಚಿಕೊಂಡು, ಅಂಚಿನ ಹರಳುಗಳು ಸಡಿಲವಾಗುತ್ತವೆ. ಸುತ್ತಲೂ ಹರಳಿರುವ ಉಂಗುರದಲ್ಲಿ ಕತ್ತರಿಸಲು ಜಾಗವೇ ಇರುವುದಿಲ್ಲ, ಆ ಆಸೆ ಬಿಡಿ. ಬೆಸುಗೆಯ ಬೆಂಕಿ ಪಚ್ಚೆ, ಓಪಲ್, ಮುತ್ತು, ಹವಳಕ್ಕೆ ಆಗದು. ಹರಳು ಬಿಚ್ಚಿ ಬೆಸೆದು ಮತ್ತೆ ಕೂರಿಸುತ್ತಾರೋ, ಬಿಂದುವಿನಷ್ಟೇ ಜಾಗ ಕಾಯುವ ಲೇಸರ್ ಬೆಸುಗೆ ಇದೆಯೋ ಎಂದು ಮೊದಲೇ ಕೇಳಿ. ಗುರುತು ಮತ್ತು ಬರಹ ಇರುವ ಜಾಗವನ್ನು ಮಾರ್ಕರ್‌ನಿಂದ ತೋರಿಸಿ, "ಇಲ್ಲಿ ಗರಗಸ ಬೀಳಬಾರದು, ಒಳಗೆ ಪಾಲಿಶ್ ಬೇಡ" ಎಂದು ಚೀಟಿಯಲ್ಲೇ ಬರೆಸಿ. ಸಂಧಿವಾತದಿಂದ ಗೆಣ್ಣು ಊದಿ ಬುಡ ಸಣ್ಣಗಿರುವವರಿಗೆ, ಪಟ್ಟಿಗೆ ಕೀಲು ಹಾಕಿ ತೆರೆದು ಮುಚ್ಚುವಂತೆ ಮಾಡಿಕೊಡುವವರೂ ಇದ್ದಾರೆ.

ಹಾಕಿ ನೋಡಲು ಹೋಗಿ ಉಂಗುರ ಸಿಕ್ಕಿಕೊಂಡರೆ ಎಳೆದಾಡಬೇಡಿ, ಎಳೆದಷ್ಟೂ ಊದುತ್ತದೆ. ಕೈ ಮೇಲೆತ್ತಿ ಐದು ನಿಮಿಷ, ಆಮೇಲೆ ತಣ್ಣೀರು, ಆಮೇಲೆ ಸೋಪು. ಜಗ್ಗದಿದ್ದರೆ ದಾರ: ನುಣುಪಾದ ದಾರದ ಒಂದು ತುದಿಯನ್ನು ಉಂಗುರದ ಕೆಳಗಿಂದ ಅಂಗೈ ಕಡೆಗೆ ತೂರಿಸಿ. ಉಳಿದುದನ್ನು ಉಂಗುರದ ಅಂಚಿನಿಂದ ಶುರುಮಾಡಿ ಗೆಣ್ಣು ದಾಟುವವರೆಗೆ ಸಂದಿಲ್ಲದಂತೆ ಬೆರಳಿಗೆ ಸುತ್ತಿ. ಈಗ ತೂರಿಸಿದ ತುದಿಯನ್ನು ಬೆರಳತುದಿಯ ಕಡೆಗೆ ಎಳೆಯುತ್ತ ಬಿಚ್ಚುತ್ತ ಬಂದರೆ ಉಂಗುರ ದಾರದ ಮೇಲೆ ಒಂದೊಂದೇ ಸುತ್ತು ಮುಂದೆ ಸರಿಯುತ್ತದೆ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಈ ಆಟ ಬೇಡ, ನೇರ ವೈದ್ಯರ ಹತ್ತಿರ. ಉಂಗುರ ಕತ್ತರಿಸಿದರೂ ಬೆಸೆಯಬಹುದು.

ಏಳನೇ ಹೆಜ್ಜೆ: ರಿಪೇರಿ, ಮತ್ತು ಮೂಸೆಯ ಆಸೆ

ಸವೆದ ಪ್ರಾಂಗ್‌ಗಳಿಗೆ ತುದಿ ಕಟ್ಟಿಸುವುದು, ತೆಳುವಾದ ಪಟ್ಟಿಯ ಕೆಳಭಾಗಕ್ಕೆ ಹೊಸ ಬಂಗಾರ ಸೇರಿಸುವುದು ಮಾಡಿಸಲೇಬೇಕಾದ ಕೆಲಸಗಳು. ಬಿಳಿ ಬಂಗಾರ ಹಳದಿಗೆ ತಿರುಗಿದ್ದರೆ ಗಾಬರಿಯಾಗಬೇಡಿ, ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪ ಸವೆದಿದೆ, ಮತ್ತೆ ಹಾಕಿಸಬಹುದು. ಪಾಲಿಶ್ ಎಂದರೆ ಮಾತ್ರ ಮೇಲ್ಪದರದ ಲೋಹ ತೆಗೆಯುವುದೇ. ಪ್ರತಿ ವರ್ಷ ಪಾಲಿಶ್ ಕಂಡ ಉಂಗುರದಲ್ಲಿ ಕೆತ್ತನೆ ಉಳಿಯುವುದಿಲ್ಲ.

ಕರಗಿಸಿ ಹೊಸದು ಮಾಡಿಸುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಕರಗಿದ ಮೇಲೆ ಅದು ಅಜ್ಜಿಯ ಬಂಗಾರವೋ ಪಕ್ಕದ ಗಿರಾಕಿಯದೋ ಹೇಳುವವರು ಯಾರೂ ಇಲ್ಲ. ಹಳೆಯ ಬೆಸುಗೆಯ ಲೋಹವೂ ಅದರಲ್ಲಿ ಬೆರೆತು ಶುದ್ಧತೆ ಇಳಿಯುತ್ತದೆ, ಎರಕ ತೂತುತೂತಾಗಬಹುದು. ವಿನ್ಯಾಸ ಮೂರು ಮಕ್ಕಳಿಗೂ ಬೇಕು ಎಂದರೆ ಮೂಲವನ್ನು ಮುಟ್ಟದೆ ಅಚ್ಚು ತೆಗೆಸಿ ಪ್ರತಿ ಮಾಡಿಸಿ. ಎರಕದಲ್ಲಿ ಪ್ರತಿ ಚೂರು ಕುಗ್ಗುವುದರಿಂದ ಪಕ್ಕದಲ್ಲಿಟ್ಟರೆ ಮೂಲ ಯಾವುದು ಅಂತ ಗೊತ್ತಾಗುತ್ತದೆ, ಅದು ಒಳ್ಳೆಯದೇ.

ಯಾವ ಕೆಲಸಕ್ಕೆ ಕೊಡುವಾಗಲೂ ನಿಮ್ಮೆದುರೇ ತೂಗಿಸಿ, ಹರಳಿನ ಎಣಿಕೆ ಹಾಕಿ, ಚೀಟಿ ಪಡೆದು ಕೊಡಿ.

ಎಂಟನೇ ಹೆಜ್ಜೆ: ಹಾಕುವುದು, ಇಡುವುದು

ಹಾಕಿ. ಡಬ್ಬಿಯಲ್ಲೇ ಮುದುಕಿಯಾಗುವ ಉಂಗುರ ನೋಡಿದರೆ ನನಗೆ ಬೇಜಾರು. ಆದರೆ ಬ್ಲೀಚ್, ಈಜುಕೊಳದ ಕ್ಲೋರಿನ್‌ನಿಂದ ದೂರವಿಡಿ, ಬೆರಕೆ ಹೆಚ್ಚಿರುವ ಬಂಗಾರದಲ್ಲಿ ಅದು ಬಿರುಕು ತರುತ್ತದೆ. ಪಾದರಸ ತಾಗಿದರೆ ಬಂಗಾರ ಬೆಳ್ಳಗಾಗುತ್ತದೆ. ಒಡೆದ ಥರ್ಮಾಮೀಟರು ಮಾತ್ರವಲ್ಲ, ಪಾದರಸ ಬೆರೆಸಿದ ಕೆಲವು ಮುಖದ ಕ್ರೀಮುಗಳೂ ಇದಕ್ಕೆ ಕಾರಣ. ಯಂತ್ರದ ಕೆಲಸ, ವ್ಯಾಯಾಮದ ಹೊತ್ತಲ್ಲಿ ತೆಗೆದಿಡಿ, ಉಂಗುರ ಸಿಕ್ಕಿಕೊಂಡರೆ ಬೆರಳಿಗೇ ಅಪಾಯ. ಇಡುವಾಗ ಒಂದೊಂದಕ್ಕೂ ಒಂದೊಂದು ಮೆತ್ತನೆಯ ಚೀಲ, ಯಾಕೆಂದರೆ ವಜ್ರ ಪಕ್ಕದಲ್ಲಿರುವ ಎಲ್ಲವನ್ನೂ ಗೀರುತ್ತದೆ. ಮುತ್ತನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ. ಬೆಳ್ಳಿಯ ಬಳಿ ರಬ್ಬರ್ ಬ್ಯಾಂಡ್ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕೊನೆಯ ಹೆಜ್ಜೆ: ಮುಂದಿನವರಿಗೆ

ಮೌಲ್ಯ ಬರೆಸುವಾಗ ಯಾವ ಮೌಲ್ಯ ಎಂದು ಕೇಳಿ. ವಿಮೆಗೆ ಬರೆಯುವುದು ಅಂಥದ್ದೇ ಹೊಸದನ್ನು ಕೊಳ್ಳಲು ಬೇಕಾಗುವ ಹಣ, ಮಾರಿದರೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಅಕ್ಕತಂಗಿಯರು ಪಾಲು ಹಾಕುವಾಗ ಒಬ್ಬರು ವಿಮೆಯ ಅಂಕಿ ಹಿಡಿದು, ಇನ್ನೊಬ್ಬರು ಮಾರುವ ಅಂಕಿ ಹಿಡಿದು ಕೂತರೆ ಮಾತು ಮುಗಿಯುವುದೇ ಇಲ್ಲ. ಎಲ್ಲ ಒಡವೆಗೂ ಒಬ್ಬರೇ, ಒಂದೇ ದಿನ, ಒಂದೇ ಬಗೆಯ ಮೌಲ್ಯ ಬರೆಯಲಿ. ಆಮೇಲೆ ಚೀಟಿ ಎತ್ತಿ ಸರದಿ ಗೊತ್ತುಮಾಡಿ, ಸರದಿಯಂತೆ ಒಬ್ಬೊಬ್ಬರು ಒಂದೊಂದು ಆರಿಸಿ, ವ್ಯತ್ಯಾಸವನ್ನು ಹಣದಲ್ಲಿ ಸರಿಮಾಡಿಕೊಳ್ಳಿ. ಒಂದೇ ಉಂಗುರವಾದರೆ ವರ್ಷಕ್ಕೊಬ್ಬರಂತೆ ಇಟ್ಟುಕೊಳ್ಳುವ ಮನೆಗಳನ್ನು ನೋಡಿದ್ದೇನೆ. ಬೆರಳಿನ ಅಳತೆ ಒಂದೇ ಇದ್ದರೆ ಅದು ನಡೆಯುತ್ತದೆ, ಇಲ್ಲದಿದ್ದರೆ ಪಟ್ಟಿಯನ್ನು ವರ್ಷವರ್ಷ ಕತ್ತರಿಸಿ ಕೊಲ್ಲುತ್ತಾರೆ. ಹಿರಿಯರು ಬದುಕಿರುವಾಗಲೇ ಯಾರಿಗೆ ಎಂದು ಹೇಳಿ, ಉಯಿಲಿನಲ್ಲಿ 'ನನ್ನ ಉಂಗುರ' ಎಂದಷ್ಟೇ ಬರೆಯದೆ ತೂಕ, ಹರಳು, ಫೋಟೋ ಸಮೇತ ಬರೆದರೆ ಎಲ್ಲಕ್ಕಿಂತ ಉತ್ತಮ.

ಉಂಗುರದ ಡಬ್ಬಿಯಲ್ಲಿ ಒಂದು ಚೀಟಿ ಇರಲಿ, ಪೆನ್ಸಿಲಿನಲ್ಲಿ ಬರೆದದ್ದು. ಪೆನ್ನಿನ ಶಾಯಿಯಂತೆ ಪೆನ್ಸಿಲಿನ ಬರಹ ಹರಡುವುದಿಲ್ಲ, ಮಾಸುವುದಿಲ್ಲ. ಯಾರದ್ದು, ಯಾರಿಂದ ಯಾರಿಗೆ, ತೂಕ, ಅಳತೆ, ಯಾವ ರಿಪೇರಿ ಯಾವ ವರ್ಷ. ನಮ್ಮ ಮನೆಯ ಚೀಟಿಯಲ್ಲಿ ರಿಪೇರಿಯ ಸಾಲಿನ ಕೆಳಗೆ ಹೀಗಿದೆ: 'ಒಳಗೆ ಎರಡು ಅಕ್ಷರ, ಒಂದು ಇಸವಿ ಇತ್ತು. ಪಾಲಿಶ್‌ನಲ್ಲಿ ಹೋಯಿತು. ಮೊದಲ ಅಕ್ಷರ ಸ ಎಂದು ಅಮ್ಮ, ಶ ಎಂದು ದೊಡ್ಡಮ್ಮ.'